ಡಿಸ್ಕ್ ಪತ್ತೆ ಮತ್ತು ಮರುಶೋಧನೆ

ಡಿಸ್ಕ್ ಪತ್ತೆ ಎಂಬುದು ಗಣಕಯಂತ್ರಕ್ಕೆ ಜೋಡಿಸಿದ ಶೇಖರಣಾ ಸಾಧನವನ್ನು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಗುರುತಿಸಿ, ಹೆಸರು ನೀಡಿ, ಬಳಕೆಗೆ ಒದಗಿಸುವ ಪ್ರಕ್ರಿಯೆ. ಗಣಕವು ಚಾಲನೆಯಲ್ಲಿರುವಾಗಲೇ ಈ ಹುಡುಕಾಟವನ್ನು ಮತ್ತೊಮ್ಮೆ ನಡೆಸುವುದಕ್ಕೆ ಮರುಶೋಧನೆ ಅಥವಾ ರೀಸ್ಕ್ಯಾನ್ ಎನ್ನುತ್ತಾರೆ. ಕರ್ನೆಲ್ ಬಳಿಯಿರುವ ಡಿಸ್ಕ್‌ಗಳ ಪಟ್ಟಿಯು ಅದು ಕೊನೆಯ ಬಾರಿ ವಿಚಾರಿಸಿ ತಿಳಿದುಕೊಂಡದ್ದರ ದಾಖಲೆ ಮಾತ್ರ. ಅನಂತರ ಆದ ಬದಲಾವಣೆಯನ್ನು ಯಂತ್ರಾಂಶವು ತಾನಾಗಿ ತಿಳಿಸಬೇಕು, ಇಲ್ಲವೇ ನಿರ್ವಾಹಕರು ಕೇಳಿಸಬೇಕು. ಈ ಲೇಖನದಲ್ಲಿ ಲಿನಕ್ಸ್ ಕರ್ನೆಲ್ಲನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಆರಂಭದ ಪತ್ತೆ

ಗಣಕ ಚಾಲೂ ಆದಾಗ ಕರ್ನೆಲ್ ಮೊದಲು ಪಿಸಿಐ ಬಸ್ಸನ್ನು ಪರಿಶೀಲಿಸಿ ಅದರಲ್ಲಿರುವ ಡಿಸ್ಕ್ ನಿಯಂತ್ರಕಗಳನ್ನು ಗುರುತಿಸುತ್ತದೆ. ಪ್ರತಿ ನಿಯಂತ್ರಕಕ್ಕೂ ತಕ್ಕ ಚಾಲಕ ತಂತ್ರಾಂಶ ಸೇರಿಕೊಂಡ ಬಳಿಕ ಅದರ ಹಿಂದಿರುವ ಸಾಧನಗಳ ಹುಡುಕಾಟ ನಡೆಯುತ್ತದೆ. ಸ್ಕಜಿ ಪದ್ಧತಿಯಲ್ಲಿ ಕರ್ನೆಲ್ 'ಇನ್‌ಕ್ವೈರಿ' ಆದೇಶದ ಮೂಲಕ ಸಾಧನದ ಬಗೆ, ತಯಾರಕರು ಮತ್ತು ಮಾದರಿಯನ್ನು ಕೇಳುತ್ತದೆ. 'ರಿಪೋರ್ಟ್ ಲನ್ಸ್' ಆದೇಶದಿಂದ ಆ ಸಾಧನದಲ್ಲಿರುವ ತಾರ್ಕಿಕ ಘಟಕಗಳ ಪಟ್ಟಿಯನ್ನೂ, 'ರೀಡ್ ಕೆಪ್ಯಾಸಿಟಿ' ಆದೇಶದಿಂದ ಡಿಸ್ಕಿನ ಗಾತ್ರವನ್ನೂ ತಿಳಿಯುತ್ತದೆ. ಕೊನೆಗೆ ಡಿಸ್ಕಿನ ಆರಂಭದಲ್ಲಿರುವ ವಿಭಾಗ ಕೋಷ್ಟಕವನ್ನು ಓದಿ, ಪ್ರತಿ ವಿಭಾಗವನ್ನೂ ಪ್ರತ್ಯೇಕ ಸಾಧನವಾಗಿ ಬಳಕೆದಾರರ ಮುಂದಿಡುತ್ತದೆ. ಲಿನಕ್ಸ್‌ನಲ್ಲಿ ಸಾಟಾ ಮತ್ತು ಯುಎಸ್‌ಬಿ ಡಿಸ್ಕ್‌ಗಳೂ ಈ ಸ್ಕಜಿ ಪದರದ ಮೂಲಕವೇ ಹಾದುಬರುತ್ತವೆ. ಎನ್‌ವಿಎಂಇ ಡಿಸ್ಕ್‌ಗಳಿಗೆ ಬೇರೆಯೇ ಆದೇಶಗಳಿವೆ.

ವಿಳಾಸ

ಸ್ಕಜಿ ಸಾಧನದ ವಿಳಾಸದಲ್ಲಿ ನಾಲ್ಕು ಅಂಶಗಳಿವೆ: ಹೋಸ್ಟ್, ಚಾನೆಲ್, ಟಾರ್ಗೆಟ್ ಮತ್ತು ಲನ್ ಎಂಬ ತಾರ್ಕಿಕ ಘಟಕದ ಸಂಖ್ಯೆ. ಕರ್ನಾಟಕದ ಪಹಣಿಯಲ್ಲಿ ಜಮೀನನ್ನು ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರಿನಿಂದ ಗುರುತಿಸುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಹೋಬಳಿಯ ಒಂದು ಗ್ರಾಮದಲ್ಲಿಯೂ ಸೊರಬ ತಾಲ್ಲೂಕಿನ ಆನವಟ್ಟಿ ಹೋಬಳಿಯ ಇನ್ನೊಂದು ಗ್ರಾಮದಲ್ಲಿಯೂ ಒಂದೇ ಸರ್ವೆ ನಂಬರ್ ಇರಬಹುದು. ಪೂರ್ಣ ವಿಳಾಸ ಹೇಳಿದಾಗಲೇ ಜಮೀನು ಯಾವುದೆಂದು ತಿಳಿಯುತ್ತದೆ. ಹಾಗೆಯೇ ಹಲವು ಟಾರ್ಗೆಟ್‌ಗಳಲ್ಲಿ 0 ಸಂಖ್ಯೆಯ ಲನ್ ಇರುತ್ತದೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಜಮೀನು ಸ್ಥಳ ಬಿಟ್ಟು ಕದಲುವುದಿಲ್ಲ. ಡಿಸ್ಕನ್ನು ಬೇರೆ ಕೇಬಲ್ಲಿಗೆ ಜೋಡಿಸಿದರೆ ಅದರ ವಿಳಾಸ ಬದಲಾಗುತ್ತದೆ.

ಚಾಲನೆಯಲ್ಲಿರುವಾಗಿನ ಪತ್ತೆ

ಯುಎಸ್‌ಬಿ ಡಿಸ್ಕನ್ನು ಚುಚ್ಚಿದಾಗ ಹಬ್ ತನ್ನ ಪೋರ್ಟಿನ ಸ್ಥಿತಿ ಬದಲಾದುದನ್ನು ಕರ್ನೆಲ್‌ಗೆ ವರದಿ ಮಾಡುತ್ತದೆ. ಕರ್ನೆಲ್ ಪೋರ್ಟನ್ನು ಮರುಹೊಂದಿಸಿ, ಸಾಧನಕ್ಕೆ ವಿಳಾಸ ಕೊಟ್ಟು, ಅದರ ವಿವರಗಳನ್ನು ಓದುತ್ತದೆ. ಸಾಟಾದಲ್ಲಿ ಸಂಪರ್ಕ ಏರ್ಪಟ್ಟ ಕೂಡಲೇ ನಿಯಂತ್ರಕವು ಇಂಟರಪ್ಟ್ ಎಂಬ ಸಂಕೇತ ಕಳುಹಿಸಬಲ್ಲದು. ಸಾಧನ ಸಿದ್ಧವಾದ ಮೇಲೆ ಕರ್ನೆಲ್ ಹೊರಡಿಸುವ ಸೂಚನೆಯನ್ನು 'ಯುಡೆವ್' ಎಂಬ ತಂತ್ರಾಂಶ ಸ್ವೀಕರಿಸಿ, ಡಿಸ್ಕಿಗೆ ಸ್ಥಿರವಾದ ಪರ್ಯಾಯ ಹೆಸರುಗಳನ್ನು ಸೃಷ್ಟಿಸುತ್ತದೆ.

ಮರುಶೋಧನೆ

ಎಲ್ಲ ಬದಲಾವಣೆಗಳೂ ತಾವಾಗಿ ಕರ್ನೆಲ್‌ನ ಪಟ್ಟಿಗೆ ಸೇರುವುದಿಲ್ಲ. ದೂರದ ಶೇಖರಣಾ ಜಾಲದಲ್ಲಿ ಹೊಸ ಲನ್ ಹಂಚಿಕೆಯಾದಾಗ ಸರ್ವರಿನ ಬಳಿ ಯಾವ ಕೇಬಲ್ಲೂ ಅಲುಗಿರುವುದಿಲ್ಲ. ವರ್ಚುವಲ್ ಯಂತ್ರಕ್ಕೆ ಡಿಸ್ಕ್ ಸೇರಿಸಿದಾಗಲೂ ಅನೇಕ ವೇಳೆ ಹೀಗೆಯೇ ಆಗುತ್ತದೆ. ಆಗ ನಿರ್ವಾಹಕರು ಮರುಶೋಧನೆಗೆ ಆದೇಶಿಸಬೇಕು.

2003ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 2.6 ಆವೃತ್ತಿಯಿಂದ ಇದಕ್ಕೆ 'ಸಿಸ್‌ಎಫ್‌ಎಸ್' ಎಂಬ ಕಡತ ವ್ಯವಸ್ಥೆ ಬಳಕೆಯಲ್ಲಿದೆ. ಅದರಲ್ಲಿ ಪ್ರತಿ ಸ್ಕಜಿ ಹೋಸ್ಟಿಗೂ 'ಸ್ಕ್ಯಾನ್' ಎಂಬ ಕಡತವಿರುತ್ತದೆ. ಅದಕ್ಕೆ '- - -' ಎಂದು ಬರೆದರೆ ಕರ್ನೆಲ್ ಆ ಹೋಸ್ಟಿನ ಎಲ್ಲ ಚಾನೆಲ್, ಟಾರ್ಗೆಟ್ ಮತ್ತು ಲನ್‌ಗಳನ್ನು ಹುಡುಕುತ್ತದೆ. ಗೆರೆಗಳ ಬದಲು ಸಂಖ್ಯೆ ಬರೆದರೆ ಹುಡುಕಾಟ ಆ ವಿಳಾಸಕ್ಕೆ ಸೀಮಿತವಾಗುತ್ತದೆ. ಈ ಶೋಧನೆ ಹೊಸದನ್ನು ಪಟ್ಟಿಗೆ ಸೇರಿಸುತ್ತದೆ. ಡಿಸ್ಕಿನಲ್ಲಿರುವ ದತ್ತಾಂಶವನ್ನು ಅಳಿಸುವುದಿಲ್ಲ. ತೆಗೆದುಹಾಕಿದ ಡಿಸ್ಕಿನ ನಮೂದು ಇದರಿಂದ ತಾನಾಗಿ ಹೋಗುವುದಿಲ್ಲ. ಆದ್ದರಿಂದ ಡಿಸ್ಕನ್ನು ಕೀಳುವ ಮೊದಲು ಅದರ ಬಳಕೆ ನಿಲ್ಲಿಸಿ, ಅನ್‌ಮೌಂಟ್ ಮಾಡಿ, ಅದರ 'ಡಿಲೀಟ್' ಕಡತಕ್ಕೆ 1 ಎಂದು ಬರೆಯುವುದು ಸರಿಯಾದ ಕ್ರಮ.

ಗಾತ್ರ ಬದಲಾದಾಗ

ಇರುವ ಡಿಸ್ಕನ್ನೇ ಹಿಗ್ಗಿಸಿದಾಗ ಹೋಸ್ಟಿನ ಶೋಧನೆ ಸಾಲದು. ಆ ಡಿಸ್ಕಿನದೇ ಆದ 'ರೀಸ್ಕ್ಯಾನ್' ಕಡತಕ್ಕೆ 1 ಎಂದು ಬರೆದರೆ ಕರ್ನೆಲ್ ಗಾತ್ರವನ್ನು ಮತ್ತೆ ಕೇಳುತ್ತದೆ. ಆದರೂ ಬಳಕೆದಾರರಿಗೆ ಹೆಚ್ಚುವರಿ ಸ್ಥಳ ದೊರೆಯಬೇಕಾದರೆ ವಿಭಾಗವನ್ನೂ, ಅದರೊಳಗಿನ ಕಡತ ವ್ಯವಸ್ಥೆಯನ್ನೂ ಅನುಕ್ರಮವಾಗಿ ಹಿಗ್ಗಿಸಬೇಕು.

ಹೆಸರಿನ ಅಸ್ಥಿರತೆ

ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಪತ್ತೆಯಾದ ಕ್ರಮದಲ್ಲಿ ನೀಡುತ್ತದೆ. ಇಂದು ಎಸ್‌ಡಿಬಿ ಆಗಿದ್ದ ಡಿಸ್ಕ್ ಮುಂದಿನ ಬಾರಿ ಎಸ್‌ಡಿಸಿ ಆಗಬಹುದು. ಹಳೆಯ ಹೆಸರನ್ನು ನಂಬಿ ಫಾರ್ಮ್ಯಾಟ್ ಮಾಡಿದರೆ ಬೇರೊಂದು ಡಿಸ್ಕಿನ ದತ್ತಾಂಶ ನಾಶವಾಗುವ ಅಪಾಯವಿದೆ. ಆದ್ದರಿಂದ ಶಾಶ್ವತ ಸಂರಚನೆಗಳಲ್ಲಿ ಕಡತ ವ್ಯವಸ್ಥೆಯ ಯುಯುಐಡಿಯನ್ನು ಬಳಸುತ್ತಾರೆ. ಖಾಲಿ ಡಿಸ್ಕಿಗೆ ಯುಯುಐಡಿ ಇಲ್ಲದಿರುವುದರಿಂದ ಅದರ ಗಾತ್ರ ಮತ್ತು ಕ್ರಮಸಂಖ್ಯೆಯನ್ನು ತಾಳೆ ನೋಡುತ್ತಾರೆ.

ಸಾರ್ವಜನಿಕ ಸೇವೆಗಳಲ್ಲಿ ಮಹತ್ವ

ಕರ್ನಾಟಕದ ಕಂದಾಯ ಇಲಾಖೆಯ 'ಭೂಮಿ' ಯೋಜನೆಯು 2000ರ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಸೇರಿದಂತೆ ರಾಜ್ಯದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಸ್ಥಾನವನ್ನು ಗಣಕದ ಪ್ರತಿ ಪಡೆಯಿತು. ಬೆಳೆಸಾಲಕ್ಕೂ ಜಮೀನಿನ ವ್ಯವಹಾರಕ್ಕೂ ಪಹಣಿ ಬೇಕು. ಪ್ರತಿ ಹಕ್ಕು ಬದಲಾವಣೆಯೊಂದಿಗೆ ಇಂತಹ ದತ್ತಸಂಚಯ ಬೆಳೆಯುತ್ತದೆ. ಡಿಸ್ಕ್ ಸೇರಿಸಲು ಸರ್ವರನ್ನು ನಿಲ್ಲಿಸಬೇಕಾದರೆ ಅಷ್ಟು ಹೊತ್ತು ಸೇವೆಯೂ ನಿಲ್ಲುತ್ತದೆ. ಚಾಲನೆಯಲ್ಲಿರುವಾಗಲೇ ಮರುಶೋಧನೆ ಸಾಧ್ಯವಿರುವ ಕಡೆ ಈ ಅಡಚಣೆ ತಪ್ಪುತ್ತದೆ.

ಇತರ ಕಾರ್ಯಾಚರಣಾ ವ್ಯವಸ್ಥೆಗಳು

ವಿಂಡೋಸ್‌ನಲ್ಲಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ಸಾಧನದ 'ರೀಸ್ಕ್ಯಾನ್ ಡಿಸ್ಕ್ಸ್' ಆಯ್ಕೆ ಅಥವಾ 'ಡಿಸ್ಕ್‌ಪಾರ್ಟ್'ನ 'ರೀಸ್ಕ್ಯಾನ್' ಆದೇಶ ಇದೇ ಕೆಲಸ ಮಾಡುತ್ತದೆ. ಫ್ರೀಬಿಎಸ್‌ಡಿಯಲ್ಲಿ ಇದಕ್ಕೆ 'ಕ್ಯಾಮ್‌ಕಂಟ್ರೋಲ್' ಎಂಬ ಆದೇಶವಿದೆ.