ಅಂಗದಾನ: ಮಕ್ಕಳಿಗೆ ಒಂದು ಮಾತು ಹೇಳಿಡಿ

ಶಿಬಿರದಲ್ಲಿ ಬಿಪಿ, ಶುಗರ್ ನೋಡಿಸಿಕೊಂಡ ಮೇಲೆ ಇದನ್ನೂ ಓದಿ, ಮನೆಯಲ್ಲಿ ಮಾತಾಡಿ.

ಕನ್ನಡಿಗರಿಗೆ ಈ ದಾನ ಹೊಸದಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗ ಮನೆಯವರು ಅವರ ಕಣ್ಣುಗಳನ್ನು ದಾನ ಮಾಡಿದರು. ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಿಂದ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾದಾಗ, ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು.

ಎರಡಕ್ಕೂ ವ್ಯತ್ಯಾಸವಿದೆ. ಮನೆಯಲ್ಲೇ ತೀರಿಕೊಂಡರೂ ಕೆಲವು ಗಂಟೆಗಳೊಳಗೆ ಕಣ್ಣು ಕೊಡಬಹುದು. ಕಿಡ್ನಿ, ಲಿವರ್, ಹೃದಯ ಹಾಗಲ್ಲ. ಹೆಚ್ಚಾಗಿ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದು, ಮೆದುಳು ಪೂರ್ತಿ ಸತ್ತಿದೆ ಎಂದು ವೈದ್ಯರು ಖಚಿತಪಡಿಸಿದ ಮೇಲಷ್ಟೇ ಸಾಧ್ಯ.

ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ನಾವು ವಿಸಿಟರ್ ವೀಸಾದವರು, ಕೊಡಬಹುದೇ?
ಕೊಡಬಹುದು. ವೀಸಾ ಅಡ್ಡಿಯಲ್ಲ.

ವಯಸ್ಸಾಗಿದೆ, ಶುಗರ್ ಇದೆ. ನಮ್ಮ ಅಂಗ ಯಾರಿಗೆ ಬೇಕು?
2024ರಲ್ಲಿ ಮಿಸೌರಿಯ 98 ವರ್ಷದ ಹಿರಿಯರೊಬ್ಬರ ಲಿವರ್ ಇನ್ನೊಬ್ಬರ ಜೀವ ಉಳಿಸಿತು. ಯಾವ ಅಂಗ ಸರಿಯಿದೆ ಎಂದು ವೈದ್ಯರು ಆಗ ಪರೀಕ್ಷಿಸುತ್ತಾರೆ. ಕಣ್ಣಿನ ಪೊರೆ ತೆಗೆಸಿದವರೂ ಕಣ್ಣು ಕೊಡಬಹುದು.

ದಾನಿ ಎಂದರೆ ಚಿಕಿತ್ಸೆ ಕಡಿಮೆ ಮಾಡುತ್ತಾರೆಯೇ?
ಇಲ್ಲ. ಚಿಕಿತ್ಸೆ ಕೊಡುವ ವೈದ್ಯರೇ ಬೇರೆ, ಕಸಿ ಮಾಡುವವರೇ ಬೇರೆ.

ಸಂಸ್ಕಾರ, ಖರ್ಚು?
ಶರೀರವನ್ನು ಹೊಲಿದು, ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ. ಒಂದೆರಡು ದಿನ ತಡವಾಗಬಹುದು. ದಹನ, ಅಪರಕರ್ಮ ಎಂದಿನಂತೆ ಮಾಡಬಹುದು. ದಾನದ ಖರ್ಚು ನಿಮ್ಮದಲ್ಲ. ಆದರೆ ಅದಕ್ಕೆ ಮುಂಚಿನ ಚಿಕಿತ್ಸೆಯ ಬಿಲ್ ಬೇರೆ, ಅದು ಮನ್ನಾ ಆಗುವುದಿಲ್ಲ.

ನಮ್ಮವರೇ ಏಕೆ ಮುಂದೆ ಬರಬೇಕು?

ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಅಂಗಕ್ಕಾಗಿ ಕಾಯುತ್ತಿದ್ದಾರೆ. ಅವರಲ್ಲಿ ಬಹುಪಾಲು ಕಿಡ್ನಿಗಾಗಿ ಕಾಯುವವರು. ಶುಗರ್, ಬಿಪಿಯಿಂದ ಕಿಡ್ನಿ ಕೆಡುವುದು ನಮ್ಮವರಲ್ಲೂ ಬಹಳ. ಬಿ ಗುಂಪಿನ ರಕ್ತ ಇಲ್ಲಿಯ ಬಿಳಿಯರಿಗಿಂತ ಭಾರತೀಯರಲ್ಲಿ ತುಂಬ ಹೆಚ್ಚು. ಹಾಗಾಗಿ ನಮ್ಮವರು ಕೊಟ್ಟರೆ ನಮ್ಮವರಿಗೂ ಹೊಂದುವ ಸಾಧ್ಯತೆ ಹೆಚ್ಚುತ್ತದೆ.

ನೋಂದಣಿ ಹೇಗೆ?

ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ‘ಜೀವಸಾರ್ಥಕತೆ’. ಆಧಾರ್ ಸಂಖ್ಯೆ ಕೊಟ್ಟು ಕೇಂದ್ರ ಸರ್ಕಾರದ ನೊಟ್ಟೊ ವೆಬ್‌ಸೈಟ್‌ನಲ್ಲೂ ಹೆಸರು ಬರೆಸಬಹುದು. ಆದರೆ ನೀವು ಹೆಸರು ಬರೆಸಿದ್ದರೂ ಅಲ್ಲಿ ಮನೆಯವರು ಒಪ್ಪಬೇಕು. ಟೆಕ್ಸಾಸ್‌ನಲ್ಲಿ ಬೇರೆ ಕ್ರಮ: ವಯಸ್ಕರು ಡೊನೇಟ್ ಲೈಫ್ ಟೆಕ್ಸಾಸ್‌ನಲ್ಲಿ ಹೆಸರು ಬರೆಸಿದರೆ ಅದೇ ಒಪ್ಪಿಗೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಇದನ್ನು ಕೇಳುತ್ತಾರೆ. ನಿಮ್ಮ ಮಕ್ಕಳು ‘ಹೌದು’ ಎಂದಿದ್ದಾರೆಯೇ, ವಿಚಾರಿಸಿ.

ಊರಿನಲ್ಲಿ ಬರೆಸಿದ ಹೆಸರು ಇಲ್ಲಿಯ ಆಸ್ಪತ್ರೆಗೆ ಕಾಣುವುದಿಲ್ಲ. ಇಲ್ಲಿ ಹೆಸರು ಬರೆಸದವರ ವಿಷಯದಲ್ಲಿ ಮನೆಯವರನ್ನೇ ಕೇಳುತ್ತಾರೆ. ಹ್ಯೂಸ್ಟನ್‌ನಲ್ಲಿ ಲೈಫ್‌ಗಿಫ್ಟ್, ಡಾಲಸ್‌ನಲ್ಲಿ ಸೌತ್‌ವೆಸ್ಟ್ ಟ್ರಾನ್ಸ್‌ಪ್ಲಾಂಟ್ ಅಲಯನ್ಸ್, ಆಸ್ಟಿನ್‌ನಲ್ಲಿ ಟೆಕ್ಸಾಸ್ ಆರ್ಗನ್ ಶೇರಿಂಗ್ ಅಲಯನ್ಸ್ ಈ ಕೆಲಸ ಮಾಡುವ ಸಂಸ್ಥೆಗಳು. ಅವರು ಬಂದು ಕೇಳುವುದು ಮನೆಯವರು ಅತ್ಯಂತ ದುಃಖದಲ್ಲಿರುವ ಹೊತ್ತಿನಲ್ಲಿ. “ಅಪ್ಪನಿಗೆ ಇಷ್ಟವಿತ್ತೋ ಇಲ್ಲವೋ” ಎಂದು ಗೊತ್ತಿಲ್ಲದ ಮಕ್ಕಳು ಹೆದರಿ ಬೇಡ ಎನ್ನುತ್ತಾರೆ, ಇಲ್ಲವೇ ಒಪ್ಪಿ ಆಮೇಲೆ ಕೊರಗುತ್ತಾರೆ. ಆ ಭಾರ ಅವರ ಮೇಲೆ ಹಾಕಬೇಡಿ.

ಇಂದು ಮಾಡಬೇಕಾದ್ದು

1. ಪತಿ, ಪತ್ನಿ ಇಬ್ಬರೂ ಕೂತು ಮಾತಾಡಿ ನಿರ್ಧರಿಸಿ.
2. ಇಲ್ಲಿರುವ ಮಕ್ಕಳಿಗೂ ಊರಲ್ಲಿರುವ ಮಕ್ಕಳಿಗೂ ಒಂದೇ ಮಾತು ಹೇಳಿ.
3. ಒಂದು ಚೀಟಿಯಲ್ಲಿ ಬರೆದು, ಸಹಿ ಮಾಡಿ, ಪಾಸ್‌ಪೋರ್ಟ್ ಮತ್ತು ಇನ್ಶೂರೆನ್ಸ್ ಕಾಗದಗಳ ಜೊತೆ ಇಡಿ.

ಬೇಡವೆನಿಸಿದರೆ ಅದನ್ನೂ ಹೇಳಿ, ತಪ್ಪಿಲ್ಲ. ಹೇಳದೆ ಮಾತ್ರ ಇರಬೇಡಿ.