ಕುಡಿತ ಬಿಡಿಸುವಾಗ ಎಚ್ಚರ



ಕಳಸದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಕೊಪ್ಪೆ ಹಾಕಿಕೊಂಡು ತೋಟದಿಂದ ಬಂದವನು, "ಒಂದು ಗುಟುಕು ಹಾಕಿದ್ರೆ ಮೈ ಬೆಚ್ಚಗಾಗ್ತದೆ" ಅನ್ನುತ್ತಾನೆ. ಬೆಚ್ಚಗಾದಂತೆ ತೋರುವುದು ನಿಜವೇ. ಆದರೆ ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಒಳಗಿನ ಕಾವು ಮೈಮೇಲೆ ಬಂದು ಗಾಳಿಗೆ ಹೋಗುತ್ತದೆ, ಒಳಮೈ ತಣ್ಣಗಾಗುತ್ತದೆ. ಚಳಿಗೆ ಒಲೆ, ಕಂಬಳಿ, ಬಿಸಿ ಗಂಜಿಯೇ ಮೇಲು.

೨೦೦೭ರ ಜುಲೈ ೧ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟು ಹೋಯಿತು, ಕುಡಿತ ಹೋಗಲಿಲ್ಲ. ಕಳ್ಳಭಟ್ಟಿಯ ಮಾತಂತೂ ಬೇರೆಯೇ. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ೩೦೦ಕ್ಕೂ ಹೆಚ್ಚು ಜನ ಸತ್ತರು. ೨೦೦೮ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ೧೫೦ಕ್ಕೂ ಹೆಚ್ಚು ಜನ ಸತ್ತರು. ಅಂಥ ಮದ್ಯದಲ್ಲಿರುವ ಮೀಥೈಲ್ ಆಲ್ಕೊಹಾಲ್ ಹೊಟ್ಟೆ ಸೇರಿದ ಮೇಲೆ ಫಾರ್ಮಿಕ್ ಆಮ್ಲವಾಗುತ್ತದೆ. ತೋಟದ ಚಗಳಿ ಕಚ್ಚಿದಾಗ ಉರಿಯುತ್ತದಲ್ಲ, ಅದೇ ಆಮ್ಲ. ಅದು ಕಣ್ಣಿನ ನರವನ್ನು ಸುಡುತ್ತದೆ. ಕುಡಿದು ಅರ್ಧ ದಿನವಾದ ಮೇಲೆ ಕಣ್ಣಿಗೆ ಮಂಜು ಕವಿದಂತಾದರೆ, ವಾಂತಿ, ಏದುಸಿರು ಬಂದರೆ, ನಿದ್ದೆ ಮಾಡಿ ಸರಿಯಾಗ್ತದೆ ಎಂದು ಕಾಯಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇನ್ನು ಮುಖ್ಯ ಮಾತು. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅವನು ಒಮ್ಮೆಗೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಹುಳು ಹರಿದಂತೆ ಮೈ ಕೊಡವಿಕೊಳ್ಳುತ್ತಾರೆ, ಮನೆಯವರ ಗುರುತೂ ಹತ್ತುವುದಿಲ್ಲ. ಇದನ್ನು ಭೂತಚೇಷ್ಟೆಯೆಂದು ದರ್ಶನದವರ ಬಳಿ ಕರೆದೊಯ್ಯುವವರಿದ್ದಾರೆ. ಹರಕೆ ಆಮೇಲೂ ಒಪ್ಪಿಸಬಹುದು ಮಾರಾಯ್ರೆ, ಮೊದಲು ಆಸ್ಪತ್ರೆ. ಇದರಲ್ಲಿ ಪ್ರಾಣ ಹೋಗುವುದುಂಟು.

ಕಾಫಿ ಕೊಯ್ಲಿನ ಹೊತ್ತಿಗೇ ಅಯ್ಯಪ್ಪನ ಮಾಲೆ ಹಾಕುವ ಕಾಲವೂ ಬರುತ್ತದೆ. ವ್ರತಕ್ಕಾಗಿ ಕುಡಿತ ಬಿಡುವುದು ಬಹಳ ಒಳ್ಳೆಯದು. ಆದರೆ ದಿನವೂ ಕುಡಿಯುತ್ತಿದ್ದವರು ಮಾಲೆ ಹಾಕುವ ಮೊದಲೇ ವೈದ್ಯರನ್ನು ಕಾಣತಕ್ಕದ್ದು. ಅವರು ನಡುಕ ತಡೆಯುವ ಔಷಧಿಯನ್ನು ಕೆಲವು ದಿನ ಕೊಟ್ಟು, ಹಂತಹಂತವಾಗಿ ಕಡಿಮೆ ಮಾಡುತ್ತಾರೆ. ಜೊತೆಗೆ ಬಿ-೧ ಜೀವಸತ್ವ ಕೊಡುತ್ತಾರೆ. ಕುಡಿತ ಬಿಡಲಾಗದವನನ್ನು ಮಾನಗೆಟ್ಟವನೆನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಬೈಗುಳದಿಂದ ಕೈನಡುಕ ನಿಲ್ಲುವುದಿಲ್ಲ.

ತಾಯಂದಿರಲ್ಲಿ ಒಂದು ಮಾತು. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಕಲಸುವ ಪುಡಿ ಕೊಡುತ್ತೇವೆನ್ನುವವರನ್ನು ನಂಬಬೇಡಿ. ಡೈಸಲ್ಫಿರಾಮ್ ಎಂಬ ಔಷಧಿಯಿದೆ. ಅದನ್ನು ತಿಂದವನು ಕುಡಿದರೆ ಎದೆ ಹೊಡೆದುಕೊಂಡು, ರಕ್ತದ ಒತ್ತಡ ಕುಸಿದು ಸಾಯಲೂಬಹುದು. ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ಗುಟ್ಟಿನ ಪುಡಿಯಲ್ಲಿ ಏನಿದೆಯೆಂದು ಯಾರು ಬಲ್ಲರು?

ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಗೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೋ ಹೋದಾಗ, ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ನಾಚದೆ ಹೇಳಿ. ಮಳೆಯಲ್ಲಿ ದಾರಿ ಕಟ್ಟಿ ಹೊರಡಲಾಗದಿದ್ದರೆ ಟೆಲಿ ಮಾನಸ್‌ನ ೧೪೪೧೬ಕ್ಕೆ ಫೋನು ಮಾಡಿ ಸಲಹೆ ಕೇಳಬಹುದು. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ ಮಾತ್ರ ಕಾಯದೆ ೧೦೮ಕ್ಕೆ ಕರೆಮಾಡಿ.