ಪ್ರೀತಿಗೂ ಮೊದಲು ಒಂದು ಬಾಗಿಲು

ಸಣ್ಣ ಊರು, ಮುರಿದ ಮನಸ್ಸು, ತವರಿಗೆ ಮರಳಿದ ಹೆಣ್ಣು, ಆಮೇಲೊಬ್ಬ ಒಳ್ಳೆಯವನು. ಪ್ರೀತಿ ಸಿಕ್ಕಿದರೆ ಗಾಯ ಮಾಯುತ್ತದೆ ಎಂದು ನಂಬಿಸುವ ಇಂಥ ಕಥೆಗಳು ಧಾರಾವಾಹಿಗಳಲ್ಲಿ ಇಂದಿಗೂ ಓಡುತ್ತಿವೆ. ಕನ್ನಡ ಕಾದಂಬರಿ ಮಾತ್ರ ಹುಟ್ಟಿದಾಗಿನಿಂದಲೂ ಬೇರೆಯದೇ ಲೆಕ್ಕ ಹೇಳುತ್ತ ಬಂದಿದೆ. ಮೊದಲು ಊರಿನಲ್ಲಿ ಒಂದಾದರೂ ಮನೆಯ ಬಾಗಿಲು ತೆರೆಯಬೇಕು. ಪ್ರೀತಿಯ ಸರದಿ ಆಮೇಲೆ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನೇ ನೋಡಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಇದು 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ವಿಧವಾ ವಿವಾಹದ ಕಾಯಿದೆ ಬಂದದ್ದು 1856ರಲ್ಲಿ. ಅಂದರೆ ಕಾನೂನಿನ ಅನುಮತಿಗೆ ಆಗಲೇ 43 ವರ್ಷ ತುಂಬಿತ್ತು. ಆದರೂ ಬಾಲವಿಧವೆ ಇಂದಿರೆಗೆ ಹೆತ್ತವರ ಮನೆಯೇ ಅಪಾಯದ ಜಾಗ. ಆಕೆ ಅಲ್ಲಿಂದ ತಪ್ಪಿಸಿಕೊಂಡು ಅಮೃತರಾಯರ ಮನೆ ಸೇರುತ್ತಾಳೆ, ಓದು ಕಲಿಯುತ್ತಾಳೆ. ಭಾಸ್ಕರನೊಡನೆ ಮದುವೆ ಎಷ್ಟೋ ಪುಟಗಳ ನಂತರದ ಮಾತು. ಲೇಖಕರು ಪೊಲೀಸ್ ಇಲಾಖೆಯಲ್ಲಿದ್ದವರು. ಓಡಿಬಂದವರಿಗೆ ಮೊದಲು ಏನು ಬೇಕೆಂದು ಅವರಿಗೆ ಗೊತ್ತಿದ್ದಿರಬೇಕು.

ಪ್ರೀತಿ ಇದ್ದೂ ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ? ಭೈರಪ್ಪನವರ ‘ವಂಶವೃಕ್ಷ’ದ ಕಾತ್ಯಾಯನಿ ನಂಜನಗೂಡಿನಿಂದ ಮೈಸೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡುವ ವಿಧವೆ. ಹಿಡಿದು ಕಟ್ಟಿಹಾಕುವವರು ಯಾರೂ ಇಲ್ಲ, ಮಾವ ಶ್ರೀನಿವಾಸ ಶ್ರೋತ್ರಿಗಳು ಕಟುಕರೂ ಅಲ್ಲ. ರಾಜ ಎಂಬಾತನನ್ನು ಪ್ರೀತಿಸಿ ಮದುವೆಯೂ ಆಗುತ್ತಾಳೆ. ಆದರೆ ಮಾವನ ಮನೆಯಲ್ಲೇ ಉಳಿದ ಮಗನನ್ನು ಕರೆದೊಯ್ಯಲೆಂದು ನಂಜನಗೂಡಿಗೆ ಬಂದವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಆಮೇಲಿನ ಗರ್ಭಪಾತಗಳು, ಕೊರಗು, ಸಾವು ಎಲ್ಲವೂ ಆ ಬರಿಗೈಯಿಂದಲೇ ಶುರುವಾಗುತ್ತವೆ. ಭೈರಪ್ಪನವರು ಮರುಮದುವೆಗೆ ಶಿಕ್ಷೆ ಕೊಟ್ಟರು ಎಂಬ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಅದೇ ಕಾದಂಬರಿ ಶ್ರೋತ್ರಿಗಳ ವಂಶಶುದ್ಧಿಯ ಬುಡವನ್ನೂ ಅಲುಗಾಡಿಸುತ್ತದೆ. ತಮ್ಮ ಹುಟ್ಟಿನ ಗುಟ್ಟು ತಿಳಿದ ಮೇಲೆ ಅವರೇ ಸೊಸೆಯ ಬಾಗಿಲಿಗೆ ಹೋಗುತ್ತಾರೆ. ಆ ಹೊತ್ತಿಗೆ ಆಕೆಗೆ ಗಂಗಾಜಲ ಬಿಡುವುದಷ್ಟೇ ಉಳಿದಿರುತ್ತದೆ.

ಇದೆಲ್ಲ ಬ್ರಾಹ್ಮಣರ ಮನೆಯ ದುಃಖ, ನಮ್ಮಲ್ಲಿ ಕೂಡಾವಳಿ ಮೊದಲಿಂದಲೂ ಇತ್ತು ಎನ್ನುವವರಿದ್ದಾರೆ. ಮಾತು ಸರಿ. ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳಿಗೂ ಗಂಡನನ್ನು ಬಿಟ್ಟವಳಿಗೂ ಕೂಡಾವಳಿ, ಉಡಿಕೆ, ಸೀರುಡಿಕೆ ಎಂಬ ಹೆಸರುಗಳಲ್ಲಿ ಮರುಮದುವೆ ನಡೆಯುತ್ತಿತ್ತು. ಕಾಯಿದೆ ಕೊಡಲಾಗದ್ದನ್ನು ಈ ರೂಢಿ ಕೊಟ್ಟಿತ್ತು. ಆದರೆ ಅದು ನಡೆದ ಬಗೆ ನೋಡಿ: ಎಷ್ಟೋ ಕಡೆ ಹಗಲು ಚಪ್ಪರದಡಿ ಅಲ್ಲ, ಇರುಳಲ್ಲಿ, ವಾದ್ಯವಿಲ್ಲ, ಮುತ್ತೈದೆಯರು ಹತ್ತಿರ ಸುಳಿಯುವಂತಿಲ್ಲ, ಹೊಸ ಸೀರೆ ಕೊಟ್ಟು ಉಡಿಸಿದರೆ ಮುಗಿಯಿತು. ಊರು ಬಾಗಿಲು ತೆರೆದದ್ದು ನಿಜ, ಹಿತ್ತಿಲ ಬಾಗಿಲು.

ಕಾಲ ಬದಲಾಗಿದೆ, ಊರು ಬಿಟ್ಟು ಬೆಂಗಳೂರಿಗೆ ಹೋದರಾಯಿತು ಎಂಬುದು ಇನ್ನೊಂದು ವಾದ. ಕೆಲಸ, ಬಾಡಿಗೆ ಮನೆ, ಯಾರ ಮಗಳೆಂದು ಕೇಳದ ನೆರೆಹೊರೆ ಇವೆಲ್ಲ ಸಣ್ಣ ಉಪಕಾರಗಳಲ್ಲ. ಆದರೆ ಊರೆಂದರೆ ಬರೀ ರಸ್ತೆ, ಬಸ್‌ ಸ್ಟ್ಯಾಂಡ್ ಅಲ್ಲ, ಮನೆಯೊಳಗಿನವರ ಕಣ್ಣಲ್ಲೂ ಅದು ಇರುತ್ತದೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ. ಮನಃಶಾಸ್ತ್ರ ಓದಿದ ಲೇಖಕಿ ಇಲ್ಲಿ ಮನಸ್ಸಿನ ಕಾಯಿಲೆಗಿಂತ ಕಾಯಿಲೆ ವಾಸಿಯಾದ ಮೇಲಿನ ದಿನಗಳನ್ನೇ ಹೆಚ್ಚು ಹತ್ತಿರದಿಂದ ನೋಡಿದ್ದಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಆ ದಿನಗಳಿಗೆ ಮುಖ ಕೊಟ್ಟರು. ಕಾವೇರಿ ಗುಣವಾಗಿಯೇ ಆಸ್ಪತ್ರೆಯಿಂದ ಬರುತ್ತಾಳೆ. ಗಂಡ, ಮಕ್ಕಳು, ಮನೆ ಎಲ್ಲವೂ ಇದ್ದಲ್ಲೇ ಇವೆ. ಆಕೆ ಜೋರಾಗಿ ನಕ್ಕರೆ ಸುತ್ತಲಿನವರಿಗೆ ಅನುಮಾನ, ಸಿಟ್ಟಾದರೆ ಭಯ. ವೈದ್ಯರು ವಾಸಿಯಾಗಿದೆ ಎಂದದ್ದನ್ನು ಮನೆ ಒಪ್ಪಲೇ ಇಲ್ಲ. ಕೊನೆಗೆ ಕಾವೇರಿ ಹಿಂತಿರುಗಿದ್ದು ಅದೇ ಆಸ್ಪತ್ರೆಗೆ.